ಹಾಲ್‌ನಲ್ಲೇ ಟೆನಿಸ್: ರಟ್ಟೆ ಬಲ ಬೇಡ, ಗಳಿಗೆ ಹಿಡಿಯಿರಿ

ಟೆನಿಸ್ ಅಂಕಣದ ಉದ್ದ 23.77 ಮೀಟರ್. ಡಬಲ್ಸ್ (ಇಬ್ಬರಿಬ್ಬರ ಜೋಡಿಯಾಟ) ಆಡಲು ಬೇಕಾದ ಅಗಲ 10.97 ಮೀಟರ್. ನಮ್ಮ ಮನೆಗಳ ಹಾಲ್‌ನಲ್ಲಿ ಅದರ ಒಂದು ಮೂಲೆಯೂ ಹಿಡಿಸದು. ಆದರೂ ಮಳೆ ಬಿಡದ ಸಂಜೆಗಳಲ್ಲಿ ಮಕ್ಕಳು ಮೊಬೈಲ್ ಹಿಡಿದು ಮೂಲೆ ಸೇರುವಾಗ, ಟಿವಿ ಮುಂದೆ ನಿಂತು ಕೈ ಬೀಸಿ ಆಡುವ ಟೆನಿಸ್ ಮನೆಮಂದಿಯನ್ನೆಲ್ಲ ಎಬ್ಬಿಸಿ ನಿಲ್ಲಿಸುತ್ತದೆ. ಕೈಯಲ್ಲಿರುವ ಪುಟ್ಟ ಕಂಟ್ರೋಲರ್ ರ‍್ಯಾಕೆಟ್ ಆಗುತ್ತದೆ. ನೀವು ಬೀಸಿದಾಗ ಪರದೆಯ ಆಟಗಾರನೂ ಬೀಸುತ್ತಾನೆ. ಅಜ್ಜಿ ಮತ್ತು ಮೊಮ್ಮಗ ಆಡಿ ಅಜ್ಜಿಯೇ ಗೆಲ್ಲಬಹುದಾದ ವಿಡಿಯೊ ಗೇಮ್‌ಗಳು ಹೆಚ್ಚಿಲ್ಲ, ಇದು ಅಂಥದ್ದೊಂದು. ಚೆಂಡು ಬರುವ ಗಳಿಗೆಯನ್ನು ಸರಿಯಾಗಿ ಹಿಡಿದವರಿಗೆ ಇಲ್ಲಿ ಗೆಲುವು.

ಯಾವುದನ್ನು ಕೊಳ್ಳುವುದು?

ಈ ಬಗೆಯ ಆಟವನ್ನು ಮನೆಮಾತಾಗಿಸಿದ್ದು 2006ರಲ್ಲಿ ಬಂದ ನಿಂಟೆಂಡೊ ವೀ ಎಂಬ ಕನ್ಸೋಲ್, ಅಂದರೆ ಟಿವಿಗೆ ಜೋಡಿಸಿ ಆಡುವ ಗೇಮ್ ಯಂತ್ರ. ಅದರ ವೀ ಸ್ಪೋರ್ಟ್ಸ್ ಗೇಮ್ 8 ಕೋಟಿಗೂ ಹೆಚ್ಚು ಪ್ರತಿಗಳಲ್ಲಿ ಜನರ ಕೈ ಸೇರಿತು. ಈಗ ಹೊಸದಾಗಿ ಶುರು ಮಾಡುವವರಿಗೆ ನನ್ನ ಸಲಹೆ ನಿಂಟೆಂಡೊ ಸ್ವಿಚ್ ಕನ್ಸೋಲ್ ಮತ್ತು 2022ರ ಏಪ್ರಿಲ್‌ನಲ್ಲಿ ಬಿಡುಗಡೆಯಾದ ಸ್ವಿಚ್ ಸ್ಪೋರ್ಟ್ಸ್ ಗೇಮ್. ಟೆನಿಸ್ ಜೊತೆಗೆ ಬ್ಯಾಡ್ಮಿಂಟನ್, ಬೌಲಿಂಗ್, ವಾಲಿಬಾಲ್ ಕೂಡ ಅದರಲ್ಲಿವೆ. ಕಡಿಮೆ ಬೆಲೆಗೆ ಸಿಗುತ್ತದೆಂದು ಸ್ವಿಚ್ ಲೈಟ್ ಕೊಳ್ಳಬೇಡಿ. ಅದರ ಕಂಟ್ರೋಲರ್‌ಗಳು ಬಿಡಿಯಾಗಿ ಕೈಗೆ ಬರುವುದಿಲ್ಲ, ಅದನ್ನು ಟಿವಿಗೂ ಜೋಡಿಸಲಾಗದು.

ಅಮೆರಿಕದಲ್ಲಿರುವ ಅಕ್ಕನೋ ಭಾವನೋ ತಮ್ಮ ಹಳೆಯ ವೀಯನ್ನು ಊರಿಗೆ ತಂದುಕೊಟ್ಟಿದ್ದರೆ ಅದರಲ್ಲೂ ಚೆನ್ನಾಗಿಯೇ ಆಡಬಹುದು. ಆದರೆ ಪ್ಲಗ್ ಹಾಕುವ ಮೊದಲು ಅಡಾಪ್ಟರ್ ಮೇಲಿನ ಬರಹ ಓದಿ. ಅಲ್ಲಿನ ವೀ ಅಡಾಪ್ಟರ್ 120 ವೋಲ್ಟ್‌ಗೆ ಮಾತ್ರ ತಯಾರಾದದ್ದು. ನಮ್ಮ 230 ವೋಲ್ಟ್ ತಗುಲಿದರೆ ಕೆಟ್ಟುಹೋಗುತ್ತದೆ. ಸ್ವಿಚ್‌ನ ಅಡಾಪ್ಟರ್ ಎರಡಕ್ಕೂ ಹೊಂದುತ್ತದೆ. ವೀಯಲ್ಲಿ ಎಚ್‌ಡಿಎಂಐ (ಹೊಸ ಟಿವಿಗಳ ಕೇಬಲ್ ಕಿಂಡಿ) ಇಲ್ಲ, ಅಂಥ ಟಿವಿಗೆ ಜೋಡಿಸಲು ಪರಿವರ್ತಕ ಬೇಕಾಗಬಹುದು. ಒಂದು ದೇಶದ ವೀಗೆ ಪ್ರಪಂಚದ ಬೇರೆ ಭಾಗದ ಡಿಸ್ಕ್ ನಡೆಯುವುದಿಲ್ಲವೆಂಬುದೂ ನೆನಪಿರಲಿ.

ಫೋನನ್ನೇ ರ‍್ಯಾಕೆಟ್ ಮಾಡುವ ಪ್ರಯತ್ನವೂ ನಡೆದಿತ್ತು. ಪುಣೆಯ ರೋಲೊಕ್ಯೂಲ್ ಸಂಸ್ಥೆ 2013ರಲ್ಲಿ ಐಫೋನ್ ಬೀಸಿ ಟಿವಿಯಲ್ಲಿ ಆಡುವ ‘ಮೋಷನ್ ಟೆನಿಸ್’ ತಂದಿತ್ತು. ಜಾಣ ಯೋಚನೆ, ನಮ್ಮ ದೇಶದ್ದೆಂಬ ಹೆಮ್ಮೆಯೂ ಹೌದು. ಆದರೆ ದುಬಾರಿ ಫೋನನ್ನು ಬೆವರುವ ಕೈಯಲ್ಲಿ ಬೀಸುವುದನ್ನು ನಾನು ಯಾರಿಗೂ ಹೇಳಲಾರೆ.

ಮೊದಲು ಜಾಗ, ಆಮೇಲೆ ಕೈಪಟ್ಟಿ

ಟೀಪಾಯಿಯನ್ನು ಪಕ್ಕದ ಕೋಣೆಗೆ ಸಾಗಿಸಿ. ಎರಡೂ ಕೈ ಚಾಚಿ ಒಂದು ಸುತ್ತು ತಿರುಗಿದರೆ ಏನೂ ತಗುಲಬಾರದು. ಇಬ್ಬರು ಆಡುವುದಾದರೆ ಅಂಥ ಎರಡು ಸುತ್ತುಗಳ ಜಾಗ ಬೇಕು. ತಲೆಯ ಮೇಲೂ ನೋಡಿ. ಸರ್ವ್ (ಆಟ ಶುರು ಮಾಡುವ ಹೊಡೆತ) ಮಾಡುವಾಗ ಕೈ ಮೇಲೆ ಹೋಗುತ್ತದೆ, ಎತ್ತರದವರ ಕೈ ಸೀಲಿಂಗ್ ಫ್ಯಾನಿನ ಹತ್ತಿರ ಸುಳಿಯುತ್ತದೆ. ಆದ್ದರಿಂದ ಫ್ಯಾನಿನ ಅಡಿಯಿಂದ ಸರಿದು ನಿಲ್ಲಿ. ನುಣುಪು ಟೈಲ್ಸ್ ಮೇಲೆ ಸಾಕ್ಸ್ ಹಾಕಿ ಆಡಬೇಡಿ, ಜಾರುವ ಜಮಖಾನವೂ ಬೇಡ, ಬರಿಗಾಲೇ ಲೇಸು. ಹಿಂದಿನಿಂದ ಓಡಿಬರುವ ಚಿಕ್ಕ ಮಕ್ಕಳನ್ನು ಸೋಫಾದ ಮೇಲೆ ಕೂರಿಸಿ.

ಸ್ವಿಚ್‌ನ ಕಂಟ್ರೋಲರ್‌ಗೆ ಜಾಯ್‌ಕಾನ್ ಎಂದು ಹೆಸರು. ತೂಕ 50 ಗ್ರಾಂ ಆಸುಪಾಸು, ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಚಿಕ್ಕದು. ಬೆವರಿದ ಕೈಯಿಂದ ಅದು ಹಾರಿದರೆ ನೇರ ಟಿವಿಗೆ. ವೀ ಬಂದ ಹೊಸತರಲ್ಲಿ ಹೀಗೆ ಕಂಟ್ರೋಲರ್‌ಗಳು ಹಾರಿದ್ದರಿಂದಲೇ ನಿಂಟೆಂಡೊ 2006ರ ಡಿಸೆಂಬರ್‌ನಲ್ಲಿ ಕಂಟ್ರೋಲರನ್ನು ಮಣಿಕಟ್ಟಿಗೆ ಕಟ್ಟುವ ಸುಮಾರು 32 ಲಕ್ಷ ಕೈಪಟ್ಟಿಗಳನ್ನು ಬದಲಿಸಿಕೊಡಲು ಮುಂದಾಯಿತು. ಹಾಗಾಗಿ ಪಟ್ಟಿ ಇಲ್ಲದೆ ಒಂದು ಹೊಡೆತವೂ ಬೇಡ.

ಪಟ್ಟಿ ಜೋಡಿಸುವಾಗ ಒಂದು ಸೂಕ್ಷ್ಮವಿದೆ. ಒಂದು ಪಟ್ಟಿಯ ಮೇಲೆ ಕೂಡಿಸುವ ಚಿಹ್ನೆ, ಇನ್ನೊಂದರ ಮೇಲೆ ಕಳೆಯುವ ಚಿಹ್ನೆ ಇರುತ್ತದೆ. ಜಾಯ್‌ಕಾನ್‌ಗಳ ಮೇಲೂ ಅವೇ ಗುಂಡಿಗಳಿವೆ. ಕೂಡಿಸುವುದಕ್ಕೆ ಕೂಡಿಸುವುದು, ಕಳೆಯುವುದಕ್ಕೆ ಕಳೆಯುವುದು ಬರುವಂತೆ ಜಾರಿಸಿ. ಉಲ್ಟಾ ತೂರಿಸಿದರೆ ಸಿಕ್ಕಿಕೊಳ್ಳುತ್ತದೆ, ಬಿಡಿಸುವುದು ಪ್ರಯಾಸ. ಕೊನೆಗೆ ಪಟ್ಟಿಯ ತುದಿಯ ಲಾಕ್ ಒತ್ತಿ, ಕುಣಿಕೆಯನ್ನು ಮಣಿಕಟ್ಟಿಗೆ ಬಿಗಿಯಿರಿ.

ಟಿವಿಯನ್ನು ತಯಾರು ಮಾಡಿ

ಚೆಂಡಿಗೆ ಸರಿಯಾಗಿ ಬೀಸಿದರೂ ತಪ್ಪುತ್ತಿದೆ ಎನಿಸಿದರೆ ದೋಷ ನಿಮ್ಮದಾಗಿರಬೇಕೆಂದಿಲ್ಲ. ಇಂದಿನ ಟಿವಿಗಳು ಚಿತ್ರವನ್ನು ಅಂದಗೊಳಿಸಿ ತೋರಿಸುವುದರಲ್ಲಿ ಒಂದಿಷ್ಟು ಸಮಯ ನುಂಗುತ್ತವೆ. ಕೆಲವು ಸೆಟ್‌ಗಳಲ್ಲಿ ಇದು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟಾಗುತ್ತದೆ, ಟೆನಿಸ್‌ಗೆ ಅದು ಬಹಳ. ಟಿವಿಯ ಚಿತ್ರದ ಸೆಟ್ಟಿಂಗ್‌ನಲ್ಲಿ ‘ಗೇಮ್ ಮೋಡ್’ ಆರಿಸಿ. ಬ್ಲೂಟೂತ್ ಸ್ಪೀಕರ್ ಇದ್ದರೆ ಕಳಚಿಡಿ, ಟಿವಿಯದ್ದೇ ಧ್ವನಿ ಸಾಕು. ಚೆಂಡು ಪುಟಿಯುವ ಸದ್ದು ತಡವಾಗಿ ಕೇಳಿದರೆ ಕೈಯೂ ತಡವಾಗುತ್ತದೆ.

ಇನ್ನು ಹೊಡೆತ

ಮೊದಲ ಸಲ ಆಡುವವರು ಚೆಂಡಿನ ಹಿಂದೆ ಟಿವಿಯತ್ತ ಓಡುತ್ತಾರೆ. ಬೇಕಿಲ್ಲ. ಜಾಯ್‌ಕಾನ್‌ನೊಳಗಿನ ಸಂವೇದಕಗಳು ಕೈಯ ವೇಗ ಮತ್ತು ತಿರುವನ್ನು ಅಳೆಯುತ್ತವೆಯೇ ಹೊರತು ನೀವು ಕೋಣೆಯಲ್ಲಿ ಎಲ್ಲಿ ನಿಂತಿದ್ದೀರೆಂದು ಅವಕ್ಕೆ ತಿಳಿಯದು. ಓಡುವ ಕೆಲಸವನ್ನು ಪರದೆಯ ಆಟಗಾರ ತಾನೇ ಮಾಡುತ್ತಾನೆ. ಕಾಲೂರಿ ನಿಂತು ಬೀಸುವುದಷ್ಟೇ ನಿಮ್ಮ ಪಾಲು. ಎಡಗೈಯವರು ಆರಂಭದಲ್ಲೇ ಎಡಗೈ ಎಂದು ಆರಿಸಿಕೊಳ್ಳಬೇಕು.

ಸರ್ವ್ ಹೀಗೆ: ಕೈಯನ್ನು ಮೇಲಕ್ಕೆತ್ತಿದರೆ ಚೆಂಡು ಮೇಲೇಳುತ್ತದೆ. ಅದು ಅತಿ ಎತ್ತರಕ್ಕೆ ಹೋಗಿ ಇನ್ನೇನು ಇಳಿಯಬೇಕು ಎನ್ನುವಾಗ ಬೀಸಿ. ಆ ಕ್ಷಣ ಹಿಡಿದರೆ ಸರ್ವ್ ರಭಸದಿಂದ ಹೋಗುತ್ತದೆ, ತಪ್ಪಿದರೆ ಮೆತ್ತಗೆ ಬೀಳುತ್ತದೆ.

ಈಗ ಆಟದ ಜೀವಾಳಕ್ಕೆ ಬರೋಣ. ಚೆಂಡು ಎತ್ತ ಹೋಗಬೇಕೆಂದು ನಿರ್ಧರಿಸುವುದು ನೀವು ಬೀಸಿದ ಗಳಿಗೆ. ಬಲಗೈ ಆಟಗಾರರು ಬಲಬದಿಯಿಂದ ಬೀಸುವ ಫೋರ್‌ಹ್ಯಾಂಡ್ ತೆಗೆದುಕೊಳ್ಳಿ. ಚೆಂಡು ಪೂರ್ತಿ ಹತ್ತಿರ ಬರುವ ಮೊದಲೇ ಬೀಸಿದರೆ ಅದು ಎಡಕ್ಕೆ ಹೋಗುತ್ತದೆ. ಮೈಯ ಪಕ್ಕಕ್ಕೆ ಬಂದಾಗ ಬೀಸಿದರೆ ನೇರ. ಸ್ವಲ್ಪ ದಾಟಲು ಬಿಟ್ಟು ಬೀಸಿದರೆ ಬಲಕ್ಕೆ. ಬ್ಯಾಕ್‌ಹ್ಯಾಂಡ್‌ನಲ್ಲಿ (ಎಡಬದಿಯಿಂದ ಬೀಸುವಾಗ) ಇದು ತಿರುವುಮುರುವು. ನಿಜವಾದ ಅಂಕಣದಲ್ಲೂ ಇದೇ ಲೆಕ್ಕ ನಡೆಯುತ್ತದೆ, ಅದಕ್ಕೇ ಈ ಆಟ ನನಗೆ ಇಷ್ಟ.

ಅಭ್ಯಾಸಕ್ಕೆ ಒಂದು ದಾರಿ: ಮೊದಲ ಕೆಲವು ಪಂದ್ಯಗಳಲ್ಲಿ ಅಂಕದ ಗೊಡವೆ ಬಿಡಿ. ಚೆಂಡು ನಿಮ್ಮ ಕಡೆ ಪುಟಿದ ಸದ್ದಿಗೆ ಮನಸ್ಸಿನಲ್ಲೇ ‘ಪುಟ’ ಎನ್ನಿ, ಮರುಗಳಿಗೆ ‘ಬೀಸು’. ಪುಟ, ಬೀಸು, ಪುಟ, ಬೀಸು. ಲಯ ಕೂತ ಮೇಲೆ ಬೇಕೆಂದೇ ಚೂರು ಬೇಗ ಬೀಸಿ, ಎಲ್ಲವನ್ನೂ ಎಡಕ್ಕೆ ಕಳಿಸಿ ನೋಡಿ. ಆಮೇಲೆ ಬಲಕ್ಕೆ. ಭುಜದಿಂದ ದೊಡ್ಡದಾಗಿ ಬೀಸಿದರೆ ಕೈ ಮರಳಿ ಬರುವಷ್ಟರಲ್ಲಿ ಮುಂದಿನ ಚೆಂಡು ಬಂದಿರುತ್ತದೆ. ಮೊಣಕೈ ಮೈಗೆ ಹತ್ತಿರವಿಟ್ಟು ಚಿಕ್ಕದಾಗಿ, ಚುರುಕಾಗಿ ಬೀಸಿ.

ಇಲ್ಲಿ ನಡೆಯುವುದು ಡಬಲ್ಸ್. ಒಬ್ಬರೇ ಆಡುವಾಗ ಮುಂದಿನವನೂ ಹಿಂದಿನವನೂ ನೀವೇ. ನೆಟ್ ಬಳಿಯವನಿಗೆ ಚೆಂಡು ಬೇಗ ತಲುಪುವುದರಿಂದ ಹೊಸಬರು ಗಾಬರಿಯಾಗಿ ಬೀಸಿ ತಪ್ಪುತ್ತಾರೆ. ಅದನ್ನು ಬಿಟ್ಟುಬಿಡಿ, ಹಿಂದಿನವನು ನೋಡಿಕೊಳ್ಳುತ್ತಾನೆ. ಕೈ ಪಳಗಿದ ಮೇಲೆ ನೆಟ್ ಬಳಿಯೇ ತಡೆದು ಹೊಡೆಯುವ ವಾಲಿ ಕಲಿಯಿರಿ. ನಮ್ಮ ಕೊಡಗಿನ ರೋಹನ್ ಬೋಪಣ್ಣ 2024ರಲ್ಲಿ, 43ನೇ ವಯಸ್ಸಿನಲ್ಲಿ, ಮ್ಯಾಥ್ಯೂ ಎಬ್ಡನ್ ಜೊತೆ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದ ಪಂದ್ಯವನ್ನು ಮಕ್ಕಳಿಗೆ ತೋರಿಸಿ. ನೆಟ್ ಬಳಿ ಎಷ್ಟು ಚಿಕ್ಕ ಬೀಸಿನಲ್ಲಿ ಅಂಕ ಬರುತ್ತದೆಂದು ಅವರಿಗೇ ಕಾಣುತ್ತದೆ.

ಭುಜದ ಮಾತು ಕೇಳಿ

2007ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಸ್ಪೇನಿನ ಯುವ ವೈದ್ಯರೊಬ್ಬರು ತಮ್ಮದೇ ಭುಜದ ಕಥೆ ಬರೆದಿದ್ದರು. ಗಂಟೆಗಟ್ಟಲೆ ವೀ ಟೆನಿಸ್ ಆಡಿ ಮರುದಿನ ಬಲಭುಜದ ಸ್ನಾಯುರಜ್ಜು ಊದಿಕೊಂಡಿತ್ತು. ಹಗುರವಾದ ಕಂಟ್ರೋಲರ್ ದಣಿವನ್ನು ಮರೆಸುತ್ತದೆ, ಅಪಾಯ ಇರುವುದೇ ಅಲ್ಲಿ. ಆಡುವ ಮುನ್ನ ಭುಜ, ಮಣಿಕಟ್ಟು ತಿರುಗಿಸಿ ಸಡಿಲ ಮಾಡಿಕೊಳ್ಳಿ. ಅರ್ಧ ಗಂಟೆಗೊಮ್ಮೆ ಕಂಟ್ರೋಲರನ್ನು ಇನ್ನೊಬ್ಬರ ಕೈಗೆ ಕೊಡಿ. ನೋವು ಕಂಡರೆ ಅಂದಿನ ಆಟ ಅಲ್ಲಿಗೆ ಸಾಕು. ಭುಜ ನೋಯುವ ಹಿರಿಯರು ಕುರ್ಚಿಯಲ್ಲಿ ಕೂತು ಮಣಿಕಟ್ಟಿನಿಂದಲೇ ಬೀಸಿದರೂ ಚೆಂಡು ಹೋಗುತ್ತದೆ.

ಆಟ ಮುಗಿದ ಮೇಲೆ ಪಟ್ಟಿಯ ಲಾಕ್ ಬಿಡಿಸಿ, ಬೆವರು ಒರೆಸಿ, ಜಾಯ್‌ಕಾನ್‌ಗಳನ್ನು ಕನ್ಸೋಲ್‌ನ ಎರಡು ಬದಿಗೆ ಜಾರಿಸಿ ಚಾರ್ಜ್‌ಗೆ ಇಡಿ. ಪೂರ್ತಿ ತುಂಬಲು ಸುಮಾರು ಮೂರೂವರೆ ಗಂಟೆ ಬೇಕು. ತುಂಬಿದ ಮೇಲೆ ಸುಮಾರು 20 ಗಂಟೆ ಆಡಬಹುದು.