ಕ್ರೇನ್ ಇಲ್ಲದೆ ಸಿಲ್ವರ್ ಓಕ್ ಇಳಿಸಿದ್ದು: ನನ್ನ ಅನುಭವ

ಮನೆ ಗೋಡೆಗೂ ಕಾಂಪೌಂಡಿಗೂ ನಡುವೆ 4 ಅಡಿ ಸಂದಿ. ಅದರಲ್ಲಿ ಸುಮಾರು 55 ಅಡಿ ಎತ್ತರದ ಸಿಲ್ವರ್ ಓಕ್, ಎದೆಮಟ್ಟದಲ್ಲಿ ಸುತ್ತಳತೆ ನಾಲ್ಕೂವರೆ ಅಡಿ. ಒಂದು ಮಗ್ಗುಲಿಗೆ ನಮ್ಮ ಸೋಲಾರ್, ಇನ್ನೊಂದು ಮಗ್ಗುಲಿಗೆ ಪಕ್ಕದ ಮನೆಯ ಸಿಮೆಂಟ್ ಶೀಟು. ಹಾಸನದಲ್ಲಿ ಕೇಳಿದವರೆಲ್ಲ ಕ್ರೇನ್ ಇಲ್ಲದೆ ಆಗುವ ಕೆಲಸವಲ್ಲ ಅಂದರು. ಒಂದು ಶೀಟೂ ಬಿರಿಯದೆ ಮರ ಇಳಿಯಿತು, ಅದೂ ಕ್ರೇನಿನವರು ಹೇಳಿದ್ದರ ಅರ್ಧದಷ್ಟು ದುಡ್ಡಿಗೆ.

ಕ್ರೇನಿನವರು 25 ಸಾವಿರದ ಮೇಲೆ ಕೇಳಿದ್ದರು. ರಸ್ತೆಗೆ ಅಡ್ಡವಾಗಿ ಕರೆಂಟು ತಂತಿ ಇದ್ದುದರಿಂದ ಕ್ರೇನಿನ ತೋಳು (ಬೂಮ್) ಎತ್ತುವಂತೆಯೇ ಇರಲಿಲ್ಲ. ಸೌದೆ ವ್ಯಾಪಾರಿಗಳು 'ಕೂಲಿ ಬೇಡ, ಮರ ನಮಗೆ ಬಿಡಿ' ಎಂದು ಬಂದರು. ಈ ವ್ಯವಹಾರಕ್ಕೆ ಮನೆ ಪಕ್ಕದಲ್ಲಿ ಒಪ್ಪಬಾರದು. ಅವರ ಲಾಭವೆಲ್ಲ ಉದ್ದನೆಯ ದಿಮ್ಮಿಯಲ್ಲಿ. ಹಾಗಾಗಿ ಎರಡು ಕಡೆ ಕಡಿದು ನಿಮ್ಮ ಅಂಗಳಕ್ಕೆ ಒರಗಿಸಿಯೇ ಬಿಡುತ್ತಾರೆ, ಸೊಪ್ಪುಸದೆ ನಿಮಗೆ ಬಿಟ್ಟು ಹೋಗುತ್ತಾರೆ. ಕೂಲಿ ಬೇರೆ, ಮರದ ಬೆಲೆ ಬೇರೆ ಇದ್ದರೆ ಕಡಿಯುವವನಿಗೆ ಅವಸರ ಇರುವುದಿಲ್ಲ.

ನಾನು ಕರೆಸಿದ್ದು ಸಕಲೇಶಪುರ ಕಡೆಯ ಮರಗಸಿಯವರನ್ನು, ಎಂದರೆ ಕಾಫಿ ತೋಟದ ನೆರಳು ಮರ ಸವರುವವರನ್ನು. ಕಾಫಿ ಗಿಡದ ನೆತ್ತಿಯ ಮೇಲಿನ ಮರದಲ್ಲಿ ನಿಂತು, ಕೆಳಗಿನ ಕಾಫಿಯ ರೆಕ್ಕೆ (ರೆಂಬೆ) ಮುರಿಯದಂತೆ ನೆರಳು ಮರ ಕಡಿಯುವುದೇ ಅವರ ದಿನನಿತ್ಯದ ಕಸುಬು. ಸಿಲ್ವರ್ ಓಕಿನ ಗುಣ ಅವರಿಗೆ ಗೊತ್ತು: ಕೊಂಬೆ ಬಾಗುವುದಿಲ್ಲ, ಲಟಕ್ಕನೆ ಮುರಿಯುತ್ತದೆ. ಕಾಫಿ ಕುಯ್ಲಿನಲ್ಲೂ ಮರಗಸಿ ಕಾಲದಲ್ಲೂ ಇವರು ಸಿಗುವುದಿಲ್ಲ. ಇಂಥ ಒಳ್ಳೆಯ ತಂಡವನ್ನು ಹಿಡಿಯುವುದು ಹೇಗೆಂಬುದು ನನ್ನ ಹತ್ತಿರವೇ ಇರಲಿ, ಎಲ್ಲರಿಗೂ ಹೇಳಿದರೆ ಮುಂದಿನ ಸಲ ನನಗೇ ಸಿಗಲಿಕ್ಕಿಲ್ಲ.

ಗುತ್ತಿಗೆ ಸುಮಾರು 14 ಸಾವಿರ. ಕಾಲು ಭಾಗ ಮುಂಗಡ, ಉಳಿದದ್ದು ಸದೆ ಸಾಗಿಸಿದ ಮೇಲೆ. ಶೀಟು, ಸೋಲಾರ್, ಕಾಂಪೌಂಡ್ ಒಡೆದರೆ ಯಾರ ಖರ್ಚು ಎಂಬುದನ್ನು ಬರೆದೇ ಇಟ್ಟುಕೊಳ್ಳಿ. ಸದೆಯ ಟ್ರ್ಯಾಕ್ಟರ್ ಬಾಡಿಗೆಯನ್ನು ಗುತ್ತಿಗೆಯೊಳಗೇ ಸೇರಿಸಬೇಕು, ಇಲ್ಲದಿದ್ದರೆ ಲೋಡಿಗೆ ಸಾವಿರದೈನೂರರ ಹಾಗೆ ಕೊನೆಯಲ್ಲಿ ತಲೆಗೆ ಬೀಳುತ್ತದೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ಸಿಲ್ವರ್ ಓಕಿಗೆ ವಿನಾಯಿತಿ ಇದೆ. ಆದರೂ ಅರಣ್ಯ ಇಲಾಖೆಗೆ ಒಂದು ಪತ್ರ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಂಡರೆ ನೆರೆಯವರ ದೂರಿಗೆ ಉತ್ತರ ಕೈಯಲ್ಲಿರುತ್ತದೆ. ವಿನಾಯಿತಿ ಇಲ್ಲದ ಮರಗಳಾದರೆ, ಬರೀ ಕೊಂಬೆ ಸವರುವುದನ್ನೂ ಈ ಕಾಯ್ದೆ 'ಕಡಿಯುವುದು' ಎಂದೇ ಲೆಕ್ಕ ಹಿಡಿಯುತ್ತದೆ, ನೆನಪಿರಲಿ. ಲೈನ್‌ಮ್ಯಾನ್‌ಗೆ ಹೇಳಿ ಕರೆಂಟು ತೆಗೆಸದೆ ಯಾರನ್ನೂ ಹತ್ತಿಸಬೇಡಿ.

ಕೆಲಸದಲ್ಲಿ ಹೆಚ್ಚು ಕಾಡಿದ್ದು ಹಗ್ಗ. ತುಂಡಿಗೆ ಕಟ್ಟಿದ ಹಗ್ಗ ಕಾಂಡದ ಮೇಲಿನ ಪುಲ್ಲಿಯಲ್ಲಿ ಹಾದು ಕೆಳಗೆ ಬುಡಕ್ಕೆ ಸುತ್ತಿರುತ್ತದೆ, ಕೆಳಗಿನವನು ಅದನ್ನು ಸಡಿಲಿಸುತ್ತಾ ತುಂಡು ಇಳಿಸುತ್ತಾನೆ. ಹಳದಿ ಪ್ಲಾಸ್ಟಿಕ್ ಹಗ್ಗವನ್ನು ಬುಡಕ್ಕೆ ಸುತ್ತಿ ತುಂಡು ಇಳಿಸಿದಾಗ, ತಿಕ್ಕಾಟದ ಬಿಸಿಗೆ ಮೇಲ್ಮೈ ಕರಗಿ ಗಾಜಿನಂತೆ ಹೊಳೆಯತೊಡಗಿತು. ಅಂಥ ಹಗ್ಗ ಮುಂದಿನ ತುಂಡಿಗೆ ಪಟ್ಟೆನ್ನುತ್ತದೆ. 16 ಮಿಲಿಮೀಟರಿನ ನೈಲಾನ್ ತಡೆಯಿತು, ಆದರೆ ಅದು ಹಿಗ್ಗುತ್ತದೆ. ತುಂಡು ನಿಲ್ಲಬೇಕೆಂದುಕೊಂಡ ಜಾಗಕ್ಕಿಂತ ಎರಡಡಿ ಕೆಳಗೆ ನಿಲ್ಲುತ್ತದೆ, ಆ ಲೆಕ್ಕ ಮೊದಲೇ ಇಟ್ಟುಕೊಳ್ಳಬೇಕು. ಒಂದಡಿ ದಪ್ಪ, ಮೂರಡಿ ಉದ್ದದ ಹಸಿ ತುಂಡು ಸುಮಾರು 60 ಕೆಜಿ. ಪುಲ್ಲಿ ಇರುವುದು ಕಡಿತದ ಕೆಳಗೆ, ಹಾಗಾಗಿ ತುಂಡು ಮೊದಲು ಬಿದ್ದು ಆಮೇಲೆ ಹಗ್ಗಕ್ಕೆ ಜಗ್ಗುತ್ತದೆ. ಆ ಜಗ್ಗು ತೂಕದ ಎಷ್ಟೋ ಪಟ್ಟು. ಹಗ್ಗದಲ್ಲಿ ಸಡಿಲ ಇಡಬೇಡಿ, ಪುಲ್ಲಿಯನ್ನು ಕಾಂಡಕ್ಕೇ ಕಟ್ಟಿ, ಕೊಂಬೆಯ ಕವಲನ್ನು ನಂಬಬೇಡಿ. ಬುಡದಲ್ಲಿ ಹಗುರ ತುಂಡಿಗೆ ಎರಡು ಸುತ್ತು, ಭಾರಕ್ಕೆ ಮೂರು. ನಾಲ್ಕು ಸುತ್ತಿದರೆ ಹಗ್ಗ ಜಾರುವುದೇ ಇಲ್ಲ, ತುಂಡು ಗಕ್ಕನೆ ನಿಂತು ಕಾಂಡವನ್ನೇ ಅಲ್ಲಾಡಿಸುತ್ತದೆ, ಮೇಲಿದ್ದವನ ಜೀವ ಬಾಯಿಗೆ ಬರುತ್ತದೆ.

ಮೇಲಿನ ಅರ್ಧವನ್ನು ಕೈಗರಗಸದಲ್ಲೇ ಕೊಯ್ಯಿಸಿದೆ. ನಿಧಾನ, ಆದರೆ ಸದ್ದಿಲ್ಲ. ಮೇಲಿನವನ ಮಾತು ಹಗ್ಗ ಹಿಡಿದವನಿಗೆ ಕೇಳಿಸುತ್ತದೆ. ಮೆಷಿನ್ (ಚೈನ್ ಗರಗಸ) ಮೇಲೆ ಹೋದದ್ದು 25 ಅಡಿಯ ಕೆಳಗೆ ಮಾತ್ರ. ಆಗ ಹತ್ತಿದವನನ್ನು ಮರಕ್ಕೆ ಹಿಡಿದಿಡಲು ಎರಡು ಕಟ್ಟು ಇರಲೇಬೇಕು, ಒಂದು ಉಕ್ಕಿನ ತಂತಿಯದು. ಬರೀ ಹಗ್ಗವಾದರೆ ಚೈನ್ ತಾಗಿದೊಡನೆ ಕತ್ತರಿಸುತ್ತದೆ. ಬೀಳಬೇಕಾದ ಕಡೆ ದಪ್ಪದ ಮೂರನೇ ಒಂದು ಭಾಗದಷ್ಟು ಬಾಯಿ ತೆಗೆದು, ಹಿಂದಿನಿಂದ ಕೊಯ್ದು, ನಡುವೆ ಒಂದಿಂಚು ಬಿಡಬೇಕು, ಅದು ಬಾಗಿಲಿನ ಕೀಲಿನಂತೆ ಹಿಡಿದು ತುಂಡನ್ನು ಬೀಳಬೇಕಾದ ಕಡೆಗೇ ಒರಗಿಸುತ್ತದೆ. ತುದಿಯ 12 ಅಡಿಯನ್ನು ಶೀಟಿನ ಕಡೆಯಿಂದ ನಮ್ಮ ಕಡೆಗೆ ತಿರುಗಿಸಲು ಒಂದು ಕಟ್ಟು ಇದೆ. ಅದನ್ನು ಬರೆದು ಕಲಿಸಲಾಗದು, ಕಲಿಸುವ ಮನಸ್ಸೂ ಇಲ್ಲ. ಸಿಲ್ವರ್ ಓಕಿನ ಗರಗಸದ ಹೊಟ್ಟು ಮೈಗೆ ತಾಗಿದರೆ ಕೆಲವರಿಗೆ ವಿಪರೀತ ತುರಿಕೆ, ತುಂಬುತೋಳಿನ ಅಂಗಿ ಹಾಕಿಸಿ.

ಕೊನೆಯ 10 ಅಡಿಯನ್ನು ತುಂಡು ಮಾಡಲಿಲ್ಲ. ಹಳೇ ಲಾರಿ ಟಯರುಗಳನ್ನು ಸಂದಿಯುದ್ದಕ್ಕೆ ಹಾಸಿ, ಎಳೆಹಗ್ಗ ಕಟ್ಟಿ ಅವುಗಳ ಮೇಲೆ ಮಲಗಿಸಿದೆವು. ದುಡ್ಡಿನ ಲೆಕ್ಕ ಇರುವುದು ಇಲ್ಲೇ: ಮೂರಡಿ ತುಂಡಿಗೆ ಸೌದೆ ರೇಟು, ನೇರ ದಿಮ್ಮಿಗೆ ಸಾಮಿಲ್ ರೇಟು. ಎಲ್ಲ ಸೇರಿ ಸುಮಾರು 6 ಸಾವಿರ ವಾಪಸು ಬಂತು.

ಬುಡದ ಮೋಟಿಗೆ ಉಪ್ಪು ಹಾಕಿ ಎಂದವರಿದ್ದಾರೆ. ಎರಡು ಮಾರಿನಾಚೆ ಮಾವಿದ್ದರೆ ಅದಕ್ಕೂ ಉಪ್ಪುಣಿಸಿದಂತೆ. ಒಂದಿಂಚಿನ ಬೈರಿಗೆಯಲ್ಲಿ 8 ಇಂಚು ಆಳದ ತೂತು ಕೊರೆದು ಯೂರಿಯಾ ತುಂಬಿ ನೋಡಿದೆ. ಒಂದು ಮಳೆಗಾಲ ಕಳೆದರೂ ಉಗುರಿನಲ್ಲಿ ಕೆರೆಯುವಷ್ಟೇ ಮೆತ್ತಗಾಗಿತ್ತು. ಚೈನ್ ಪುಲ್ಲಿಯಲ್ಲಿ ಕಿತ್ತರೆ ಬೇರಿನ ಜೊತೆ ಕಾಂಪೌಂಡಿನ ಪಾಯವೂ ಎದ್ದೀತು. ಕೊನೆಗೆ ಮಣ್ಣು ಬಿಡಿಸಿ, ಮೋಟು ತೊಳೆದು, ನೆಲದಿಂದ ಅರ್ಧ ಅಡಿ ಕೆಳಗೆ ಕೊಯ್ಯಿಸಿ ಮುಚ್ಚಿದೆ. ತೊಳೆಯದೆ ಕೊಯ್ದರೆ ಮರಳಿಗೆ ಚೈನು ನಿಮಿಷದಲ್ಲಿ ಮೊಂಡು, ಇದಕ್ಕೆ ಸವೆದ ಚೈನೇ ಸಾಕು.

ಅದೇ ತಂಡ ಇರುವಾಗಲೇ ಮಾವಿನ ಕೊಂಬೆಯನ್ನೂ ತೆಗೆಸಿದೆ. ಮೊದಲು ಕಾಂಡದಿಂದ ಒಂದಡಿ ಆಚೆ ಕೆಳಗಿನಿಂದ ಗೀರು, ಆಮೇಲೆ ಇನ್ನೂ ಸ್ವಲ್ಪ ಆಚೆ ಮೇಲಿನಿಂದ ಕಡಿತ, ಕೊನೆಗೆ ಉಳಿದ ಗೂಟ. ಬುಡದ ಉಬ್ಬು ಉಂಗುರವನ್ನು ಕೊಯ್ಯಬಾರದು, ಗಾಯ ಕೂಡುವುದು ಅಲ್ಲಿಂದಲೇ. ಗಾಯಕ್ಕೆ ಬೋರ್ಡೋ ಪೇಸ್ಟ್: ಮೈಲುತುತ್ತ 1 ಕೆಜಿ, ಸುಣ್ಣ 1 ಕೆಜಿ, ನೀರು 10 ಲೀಟರ್. ಕಬ್ಬಿಣದ ಚಾಕು ಅದ್ದಿದಾಗ ಕೆಂಪಾದರೆ ಸುಣ್ಣ ಕಡಿಮೆ. ಸಿಲ್ವರ್ ಓಕಿನ ನೆರಳು ಹೋದ ಕಡೆಯ ಮಾವಿನ ತೊಗಟೆ ಬಿಸಿಲಿಗೆ ಸೀಳುತ್ತದೆ, ಆ ಮಗ್ಗುಲಿಗೆ ಸುಣ್ಣ ಬಳಿಯಿರಿ.

ತೆಂಗಿಗೆ ಈ ಕ್ರಮ ಹೊಂದದು. ಅದರ ನಾರಿಗೆ ನಡುವೆ ಬಿಟ್ಟ ಒಂದಿಂಚು ಹಿಡಿತ ಕೊಡುವುದಿಲ್ಲ. ಅದಕ್ಕೆ ಹಗ್ಗ ಕಟ್ಟುವ ರೀತಿಯೇ ಬೇರೆ.