ಮೊಬೈಲಿಗೆ ಮಿತಿ ಹಾಕೋದು ಹೇಗೆ? ಮೊದಲು ಚಾರ್ಜರ್ ಜಾಗ ಬದಲಾಯಿಸಿ

ಮೊಬೈಲ್ ಕಮ್ಮಿ ಮಾಡ್ಬೇಕು ಅಂತ ಹೊರಟೋರು ಹೆಚ್ಚಾಗಿ ಮಾಡೋದು ಒಂದೇ ಕೆಲ್ಸ. ಭಾನುವಾರ ಕೂತು ಇನ್‌ಸ್ಟಾಗ್ರಾಮ್ ಡಿಲೀಟ್ ಮಾಡ್ತಾರೆ, ಬುಧವಾರದ ಹೊತ್ತಿಗೆ ವಾಪಸ್ ಹಾಕ್ಕೊಂಡಿರ್ತಾರೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಎಷ್ಟೋ ಮನೇಲಿ ಇದನ್ನ ನೋಡಿದೀನಿ, ಶಿವಮೊಗ್ಗ ಪೇಟೇಲೂ ಇದೇ ಕತೆ. ಮನಸ್ಸು ಗಟ್ಟಿ ಇಲ್ಲ ಅಂತ ತಮ್ಮನ್ನೇ ಬೈಕೊಳ್ತಾರೆ ಪಾಪ, ಆದ್ರೆ ಕರೆಂಟ್ ಬಿಲ್ಲು, ಗ್ಯಾಸ್ ಬುಕಿಂಗು, ಮಕ್ಕಳ ಹೋಂವರ್ಕು, ಅಡಿಕೆ ರೇಟು ಎಲ್ಲಾ ಅದ್ರಲ್ಲೇ ಬರ್ತಿರುವಾಗ ಪೂರ್ತಿ ಬಿಡೋದು ಯಾರಿಂದ ಆಗತ್ತೆ ಹೇಳಿ? ಯಾವ ಹೊತ್ತಲ್ಲಿ, ಮನೆಯ ಯಾವ ಜಾಗದಲ್ಲಿ ಫೋನ್ ಕೈಲಿರಬಾರದು ಅಂತ ಗೊತ್ತು ಮಾಡ್ಕೊಳ್ಳಿ. ಉಳಿದದ್ದೆಲ್ಲ ಅದರ ಹಿಂದೆ ಬರತ್ತೆ.

ಮೊದಲ ಹೆಜ್ಜೆ, ಲೆಕ್ಕ. ಆಂಡ್ರಾಯ್ಡ್ ಆದ್ರೆ ಸೆಟ್ಟಿಂಗ್ಸ್‌ನಲ್ಲಿ ಡಿಜಿಟಲ್ ವೆಲ್‌ಬೀಯಿಂಗ್, ಐಫೋನ್ ಆದ್ರೆ ಸ್ಕ್ರೀನ್ ಟೈಮ್, ಎರಡೂ 2018ರಲ್ಲೇ ಬಂದಿದಾವೆ. ಒಂದು ವಾರ ಏನೂ ಬದಲಾಯಿಸದೆ ಸುಮ್ನೆ ನೋಡಿ.

ಎರಡನೇದು ನೋಟಿಫಿಕೇಷನ್. ಕಾಲ್, ಬ್ಯಾಂಕಿನ ಮೆಸೇಜು, ಮನೆಯವರ ಮೆಸೇಜು ಇಷ್ಟು ಸದ್ದು ಮಾಡ್ಲಿ, ಮಿಕ್ಕಿದ್ದೆಲ್ಲ ಬಂದ್. ಬಂದ ನೋಟಿಫಿಕೇಷನ್ ಮೇಲೆ ಬೆರಳು ಒತ್ತಿ ಹಿಡಿದ್ರೆ ಆಫ್ ಮಾಡೋ ದಾರಿ ಅಲ್ಲೇ ಸಿಗತ್ತೆ. ವಾಟ್ಸಾಪಲ್ಲಿ ಹಳೇ ವಿದ್ಯಾರ್ಥಿಗಳ ಗ್ರೂಪು, ಸಂಘದ ಗ್ರೂಪು, ನೆಂಟರ ಗ್ರೂಪು ಎಲ್ಲಾನೂ ಮ್ಯೂಟ್ ಮಾಡಿ ಆರ್ಕೈವ್‌ಗೆ ಹಾಕಿ, ಎಂಟು ಗಂಟೆ ಮ್ಯೂಟ್ ಅಲ್ಲ, ಯಾವಾಗ್ಲೂ ಅನ್ನೋದನ್ನೇ ಒತ್ತಿ. ಅಡಿಕೆಯ ರಾಶಿ, ಬೆಟ್ಟೆ, ಸರಕು ರೇಟು ಸಂಜೆ ಒಂದ್ಸಲ ನೋಡಿದ್ರೆ ಸಾಕು, ಬೆಳಗ್ಗಿಂದ ಹತ್ತು ಸಲ ತೆಗೆದು ನೋಡಿದ್ರೆ ರೇಟೇನು ಏರಲ್ಲ.

ಮೂರನೇದು ಯೂಟ್ಯೂಬು, ಇದು ಬಹಳ ಜನಕ್ಕೆ ಗೊತ್ತಿಲ್ಲ. ಸೆಟ್ಟಿಂಗ್ಸಲ್ಲಿ ವಾಚ್ ಹಿಸ್ಟರಿ ಆಫ್ ಮಾಡಿ, ಹಳೇ ಹಿಸ್ಟರೀನೂ ಅಳಿಸಿಬಿಡಿ. 2023ರಿಂದ ಹೀಗೆ ಮಾಡಿದೋರಿಗೆ ಹೋಮ್ ಪೇಜಲ್ಲಿ ವಿಡಿಯೋ ಸಾಲು ಬರಲ್ಲ, ಖಾಲಿ ಇರತ್ತೆ. ಏನು ಬೇಕೋ ಅದನ್ನ ಹುಡುಕಿ ನೋಡಿ, ಮುಗಿಸಿ ಆಚೆ ಬನ್ನಿ. ಯಕ್ಷಗಾನ ನೋಡ್ಬೇಕು ಅಂತ ತೆಗೆದೋರು ಯಕ್ಷಗಾನಾನೇ ನೋಡಿ ಮುಗಿಸ್ತಾರೆ.

ಇನ್ನು ಎಲ್ಲರೂ ಕೆಡಿಸ್ಕೊಳ್ಳೋ ಹಂತ, ರಾತ್ರಿ. ದಿನವಿಡೀ ಉಳಿಸಿದ್ದೆಲ್ಲ ಊಟ ಆದ್ಮೇಲೆ ಹಾಸಿಗೆ ಮೇಲೆ ಹೋಗತ್ತೆ. ಫೋನ್ ದಿಂಬಿನ ಪಕ್ಕಾನೇ ಇಟ್ಕೊಂಡು ಇವತ್ತು ನೋಡಲ್ಲ ಅಂತ ತೀರ್ಮಾನ ಮಾಡ್ತಾರೆ, ಅದು ನಡೆಯೋ ಮಾತಲ್ಲ. ಚಾರ್ಜರ್‌ನ್ನೇ ಮಲಗೋ ಕೋಣೆಯಿಂದ ಎತ್ತಿ ನಡುಮನೇಲಿ ಹಾಕಿ, ಫೋನ್ ಬೇಕು ಅಂದ್ರೆ ಎದ್ದು, ಲೈಟ್ ಹಾಕಿ, ನಡ್ಕೊಂಡು ಹೋಗೋ ಹಾಗಿರಬೇಕು. ಕೋಣೇಲಿರೋ ಎಕ್ಸ್‌ಟೆನ್ಷನ್ ಬಾಕ್ಸು, ಪವರ್ ಬ್ಯಾಂಕು ಎರಡನ್ನೂ ಆಚೆ ಇಡಿ, ಇಲ್ಲಾಂದ್ರೆ ಮೂರನೇ ದಿನ ಫೋನ್ ವಾಪಸ್ ಹಾಸಿಗೆಗೆ ಬಂದಿರತ್ತೆ. ಗುಡುಗು ಸಿಡಿಲು ಜೋರಾದ್ರೆ ಪ್ಲಗ್ ಕಿತ್ತುಬಿಡಿ, ಫೋನ್ ಮಾತ್ರ ಅಲ್ಲೇ ಇರ್ಲಿ.

ಎಷ್ಟು ಗಂಟೆಗೆ ಇಡೋದು ಅಂತ ಗಡಿಯಾರ ನೋಡ್ಬೇಡಿ, ಒಂದು ಕೆಲಸಕ್ಕೆ ಕಟ್ಟಿಹಾಕಿ. ಕೊಟ್ಟಿಗೆ ಬಾಗಿಲು ಹಾಕಿ ಬಂದ ತಕ್ಷಣ, ಇಲ್ಲಾ ರಾತ್ರಿ ಪಾತ್ರೆ ತೊಳೆದು ಮುಗಿದ ತಕ್ಷಣ, ಮನೆಯವರೆಲ್ಲರ ಫೋನೂ ಒಟ್ಟಿಗೆ ಹೋಗ್ಬೇಕು, ಯಜಮಾನರದ್ದೂ ಸೇರಿ. ಒಬ್ಬರದ್ದು ಕೈಲಿದ್ರೆ ಎಲ್ಲರದ್ದೂ ವಾಪಸ್ ಬರತ್ತೆ.

ಇಲ್ಲಿ ಮೂರು ನೆಪ ಬರತ್ತೆ, ಮೂರೂ ನಿಜವಾದ ತಾಪತ್ರಯಾನೇ. ಒಂದು ಅಲಾರಾಂ. ಶಿವಮೊಗ್ಗದ ಗಾಂಧಿ ಬಜಾರಲ್ಲೋ ನಿಮ್ಮೂರ ವಾಚ್ ಅಂಗಡೀಲೋ ಸೆಲ್ ಹಾಕೋ ಟೇಬಲ್ ಗಡಿಯಾರ ತನ್ನಿ. ಎರಡು ಟಾರ್ಚು. ಮಳೆಗಾಲದಲ್ಲಿ ಕರೆಂಟ್ ಹೋದಾಗ, ರಾತ್ರಿ ಅಂಗಳಕ್ಕಿಳೀಬೇಕಾದಾಗ ಎಲ್ಲರೂ ಫೋನ್ ಬೆಳಕನ್ನೇ ನಂಬ್ಕೊಂಡಿದಾರೆ. ಹಾವು ಹುಳ ಓಡಾಡೋ ಊರಲ್ಲಿ ಒಳ್ಳೇ ಟಾರ್ಚು ಹೇಗೂ ಬೇಕು, ಅದು ದಿಂಬಿನ ಪಕ್ಕ ಇರ್ಲಿ.

ಮೂರನೇದೇ ದೊಡ್ಡದು, ರಾತ್ರಿ ಏನಾದ್ರೂ ಆದ್ರೆ? ತೋಟದ ಆಚೆ ಒಂಟಿ ಮನೇಲಿ ವಯಸ್ಸಾದ ಅಪ್ಪ ಅಮ್ಮ, ಮಗಳು ಬೆಂಗಳೂರಿನ ಪೀಜಿಲಿ, ಹಾಗಿರುವಾಗ ಫೋನ್ ಸ್ವಿಚ್ ಆಫ್ ಮಾಡಿ ಅಂತ ನಾನಂತೂ ಹೇಳಲ್ಲ. ಸೈಲೆಂಟಿಗೂ ಹಾಕ್ಬೇಡಿ, ಸೈಲೆಂಟಲ್ಲಿ ಮಗಳ ಕಾಲೂ ಕೇಳಲ್ಲ. ಡು ನಾಟ್ ಡಿಸ್ಟರ್ಬ್ ಹಾಕಿ. ಬೇಕಾದ ನಾಲ್ಕೈದು ಜನರ ನಂಬರಿಗೆ ಸ್ಟಾರ್ ಹಾಕಿ (ಐಫೋನಲ್ಲಿ ಫೇವರಿಟ್ಸ್), ಅವರ ಕಾಲ್ ಮಾತ್ರ ಒಳಗೆ ಬರ್ಲಿ ಅಂತ ಸೆಟ್ ಮಾಡಿ, ರಿಪೀಟ್ ಕಾಲರ್ಸ್ ಅನ್ನೋದನ್ನೂ ಆನ್ ಮಾಡಿ. ಆಗ ಸ್ಟಾರ್ ಇಲ್ಲದೋರು ಎರಡನೇ ಸಲ ಮಾಡಿದ್ರೂ ರಿಂಗ್ ಆಗತ್ತೆ, ಆಂಡ್ರಾಯ್ಡಲ್ಲಿ 15 ನಿಮಿಷದೊಳಗೆ, ಐಫೋನಲ್ಲಿ 3 ನಿಮಿಷದೊಳಗೆ ಮಾಡಿರಬೇಕು ಅಷ್ಟೆ. ರಿಂಗ್ ವಾಲ್ಯೂಮ್ ಪೂರ್ತಿ ಇಟ್ಟು ಕೋಣೆ ಬಾಗಿಲು ತೆರೆದಿಡಿ. ವಾಟ್ಸಾಪ್ ಕಾಲ್ ನಂಬ್ಕೋಬೇಡಿ, ರಾತ್ರಿ ಹೊತ್ತು ಮಾಮೂಲಿ ಕಾಲೇ ಮಾಡ್ಬೇಕು ಅಂತ ಮಕ್ಕಳಿಗೆ ಹೇಳಿಟ್ಟಿರಿ. ಆಮೇಲೆ ಮನೆಯವರಿಂದ್ಲೇ ಕಾಲ್ ಮಾಡ್ಸಿ ಪರೀಕ್ಷೆ ಮಾಡಿ. ಈ ಪರೀಕ್ಷೆ ಯಾರೂ ಮಾಡಲ್ಲ, ಅದಕ್ಕೇ ಭಯ ಹೋಗಲ್ಲ, ಭಯ ಹೋಗದೆ ಫೋನ್ ದಿಂಬಿನ ಪಕ್ಕದಿಂದ ಏಳಲ್ಲ.

ಇನ್ನೊಂದು ಮಾತು, ರಾತ್ರಿ ವೈಫೈ ರೌಟರ್ ಆಫ್ ಮಾಡಿ ಅಂತ ಎಲ್ಲರೂ ಸಲಹೆ ಕೊಡ್ತಾರೆ, ಪೇಟೆ ಮನೆಗೆ ಸರಿ. ನಮ್ಮ ಕಡೆ ಎಷ್ಟೋ ಮನೇಲಿ ಟವರ್ ಸಿಗ್ನಲ್ಲೇ ಇಲ್ಲ, ಫೈಬರ್ ಹಾಕ್ಸಿ ವೈಫೈ ಕಾಲಿಂಗ್ ಮೇಲೆ ಮಾತಾಡ್ತಿದಾರೆ, ಅಲ್ಲಿ ರೌಟರ್ ಆರಿಸಿದ್ರೆ ಸ್ಟಾರ್ ಹಾಕಿದ ನಂಬರಿಂದ್ಲೂ ಕಾಲ್ ಬರಲ್ಲ. ಅಂಥ ಮನೇಲಿ ರೌಟರ್ ಮುಟ್ಟಬೇಡಿ.

ಮೊದಲ ಕೆಲವು ರಾತ್ರಿ ಕೈ ಸುಮ್ನಿರಲ್ಲ, ಏನೋ ಕಳ್ಕೊಂಡ ಹಾಗಾಗತ್ತೆ. ಅದಕ್ಕೆ ಕೈಗೆ ಏನಾದ್ರೂ ಕೊಡ್ಬೇಕು. ಸುಗ್ಗಿ ಹೊತ್ತಲ್ಲಿ ಅಡಿಕೆ ಸುಲಿಯೋಕೆ ಕೂತೋರು ಈಗ ಮೆಟ್ಟುಗತ್ತಿ ಎದುರಿಗೆ ಚೊಂಬಿಗೆ ಫೋನ್ ಒರಗಿಸಿ ರೀಲ್ಸ್ ಹಾಕ್ಕೊಳ್ತಾರೆ, ಕಣ್ಣು ಅಲ್ಲಿ, ಬೆರಳು ಕತ್ತಿ ಬಾಯಲ್ಲಿ. ದಯವಿಟ್ಟು ಬೇಡ. ರೇಡಿಯೋ ಹಾಕಿ, ಭದ್ರಾವತಿ ಆಕಾಶವಾಣಿ ಕೇಳ್ತಾ ಸುಲೀರಿ, ಕಿವಿ ಒಂದೇ ಸಾಕು ಅದಕ್ಕೆ. ಸುಗ್ಗಿ ಇಲ್ಲದ ದಿನಕ್ಕೆ ಕೇರಂ ಬೋರ್ಡು, ಹೊಲಿಗೆ, ನಾಳೆಯ ತರಕಾರಿ ಹೆಚ್ಚಿಡೋದು, ಯಾವುದಾದ್ರೂ ಆಗತ್ತೆ.

ಆ್ಯಪ್ ಟೈಮರನ್ನ ಕೊನೆಗೆ ಹಾಕಿ. ಮೊದಲೇ ಹಾಕಿದೋರು ಟೈಮ್ ಮುಗಿದ ಕೂಡ್ಲೇ ಸೆಟ್ಟಿಂಗ್ಸಿಗೆ ಹೋಗಿ ತೆಗೀತಾರೆ. ಐಫೋನಲ್ಲಿ ಸ್ಕ್ರೀನ್ ಟೈಮ್ ಪಾಸ್‌ಕೋಡ್ ಇಡಬಹುದು, ಅದನ್ನ ಮನೇಲಿ ಇನ್ನೊಬ್ಬರ ಕೈಲಿ ಹಾಕ್ಸಿ. ಚಟ ಬಿಡಿಸ್ತೀವಿ ಅಂತ ಬರೋ ಯಾವುದ್ಯಾವುದೋ ಆ್ಯಪ್ ಬೇಡ, ಎಷ್ಟೋ ಆ್ಯಪ್ ಫೋನಲ್ಲಿರೋದೆಲ್ಲ ಓದೋ ಪರ್ಮಿಷನ್ ಕೇಳ್ತಾವೆ, ಮೇಲಿಂದ ತಾವೇ ಜಾಹೀರಾತು ತೋರಿಸ್ತಾವೆ. ಬ್ಲೂ ಲೈಟ್ ಕನ್ನಡಕಕ್ಕೂ ದುಡ್ಡು ಹಾಕ್ಬೇಡಿ. 2023ರಲ್ಲಿ ವೈದ್ಯಕೀಯ ಸಂಶೋಧನೆಗಳನ್ನ ಪರಿಶೀಲಿಸೋ ಕಾಕ್ರೇನ್ ಸಂಸ್ಥೆ 17 ಪ್ರಯೋಗ ಒಟ್ಟು ಸೇರಿಸಿ ನೋಡಿದಾಗ ಸ್ಕ್ರೀನಿಂದ ಕಣ್ಣಿಗಾಗೋ ಆಯಾಸ ಅದರಿಂದ ಕಮ್ಮಿ ಆಗೋ ಹಾಗೆ ಕಂಡಿಲ್ಲ.

ಮಕ್ಕಳ ವಿಷ್ಯ. 2019ರ ವಿಶ್ವ ಆರೋಗ್ಯ ಸಂಸ್ಥೆ ಸಲಹೆ ಪ್ರಕಾರ ಎರಡು ವರ್ಷದೊಳಗಿನ ಕೂಸಿಗೆ ಸ್ಕ್ರೀನೇ ಬೇಡ, ಎರಡರಿಂದ ನಾಲ್ಕು ವರ್ಷದೋರಿಗೆ ದಿನಕ್ಕೆ ಹೆಚ್ಚಂದ್ರೆ ಒಂದು ಗಂಟೆ. ಊಟ ಮಾಡ್ಸೋಕೆ ಫೋನ್ ಕೊಡೋದನ್ನ ಇವತ್ತೇ ನಿಲ್ಸಿ, ಎರಡು ದಿನ ಅತ್ತು ಕಮ್ಮಿ ಉಂಡ್ರೂ ಪರವಾಗಿಲ್ಲ. ದೊಡ್ಡ ಮಕ್ಕಳಿಗೆ ಸ್ವಂತ ಫೋನ್ ಕೊಟ್ಟಿದ್ರೆ ಗೂಗಲ್‌ನ ಫ್ಯಾಮಿಲಿ ಲಿಂಕ್ ಹಾಕಿ ದಿನದ ಮಿತಿ, ಮಲಗೋ ಹೊತ್ತು ಎರಡನ್ನೂ ಸೆಟ್ ಮಾಡಿ, ಕದ್ದು ಹಾಕ್ಬೇಡಿ, ಎದುರಿಗೆ ಕೂರಿಸ್ಕೊಂಡು ಹೇಳಿ ಹಾಕಿ.

ಗೇಮಿಗಾಗಿ ಊಟ, ನಿದ್ದೆ, ಕಾಲೇಜು ಬಿಟ್ಟು ಕೂತಿರೋರು, ಫೋನ್ ಕಿತ್ಕೊಂಡ್ರೆ ಮೈಮೇಲೆ ಬರೋರು ಇದ್ರೆ ಈ ಹೆಜ್ಜೆಗಳೆಲ್ಲ ಸಾಲಲ್ಲ, ವೈದ್ಯರ ಹತ್ರಾನೇ ಹೋಗ್ಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಇದಕ್ಕೇ ಅಂತ ಶಟ್ ಕ್ಲಿನಿಕ್ ಇದೆ. ಅಲ್ಲಿಗೆ ಹೋಗೋಕೆ ಮುಂಚೆ 14416ಕ್ಕೆ ಫೋನ್ ಮಾಡಿ, ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ದುಡ್ಡಿಲ್ಲ, ಹಗಲು ರಾತ್ರಿ ಸಿಗತ್ತೆ, ಕನ್ನಡದಲ್ಲೇ ಮಾತಾಡಬಹುದು. ಮಗ ಒಪ್ಪಲಿ ಅಂತ ಕಾಯ್ತಾ ಕೂರಬೇಡಿ, ಮನೆಯವರೂ ಮಾಡಿ ಕೇಳಬಹುದು.