‘ಸೆಮಿನಲ್’ ಪದದ ಬೇರು ಹುಡುಕುವ ಬಗೆ

ತೀರ್ಥಹಳ್ಳಿಯ ಹತ್ತಿರ ನಮ್ಮ ಮನೆಯ ಹಿತ್ತಲಲ್ಲಿ ಅಡಿಕೆಯ ಸಸಿಮಡಿ ಇದೆ. ಹಗಲು ತೋಟದ ಕೆಲಸ, ರಾತ್ರಿ ಅನುವಾದ. ಇಂಗ್ಲಿಷಿನಲ್ಲಿ ‘ಸೆಮಿನಲ್ ವರ್ಕ್’ ಎಂದಿದ್ದಲ್ಲೆಲ್ಲ ನಾನು ಬಹಳ ವರ್ಷ ‘ಮಹತ್ವದ ಕೃತಿ’ ಎಂದೇ ಬರೆದೆ. ಒಂದು ರಾತ್ರಿ ನಿಘಂಟಿನಲ್ಲಿ ಆ ಪದದ ಮೂಲ ನೋಡಿದ ಮೇಲೆ ಹಳೆಯ ಹಾಳೆಗಳನ್ನೆಲ್ಲ ಹೊರತೆಗೆದು ತಿದ್ದಲು ಕೂತೆ. ಅನುವಾದ ಕಲಿಯುತ್ತಿರುವವರಿಗೆ ಆ ದಾರಿಯನ್ನು ಹೇಳುತ್ತೇನೆ.

ಮೊದಲು ಪ್ರತ್ಯಯವನ್ನು ಕಳಚಿ ಮೂಲ ಹಿಡಿಯಿರಿ. ಲ್ಯಾಟಿನ್‌ನಲ್ಲಿ ‘ಸೆಮೆನ್’ ಎಂದರೆ ಬೀಜ. ಬಿತ್ತು ಎನ್ನುವ ಧಾತುವಿನಿಂದ ಹುಟ್ಟಿದ್ದು. ವೈದ್ಯಕೀಯ ಬರಹದಲ್ಲಿ ‘ಸೆಮಿನಲ್’ ಎಂದರೆ ಇಂದಿಗೂ ವೀರ್ಯಕ್ಕೆ ಸಂಬಂಧಿಸಿದ್ದು. ವಿಚಾರಗಳನ್ನು ಹುಟ್ಟಿಸುವಂಥದ್ದು ಎಂಬ ಅರ್ಥ ಸೇರಿಕೊಂಡದ್ದು 17ನೇ ಶತಮಾನದಲ್ಲಿ.

ಆಮೇಲೆ ಅದರ ನೆಂಟರನ್ನು ಹುಡುಕಿ. ಲ್ಯಾಟಿನ್‌ನ ‘ಸೆಮಿನಾರಿಯುಮ್’ ಎಂದರೆ ಸಾಕ್ಷಾತ್ ಸಸಿಮಡಿ! ಪಾದ್ರಿಗಳಾಗುವ ಹುಡುಗರನ್ನು ಬೆಳೆಸುವ ಶಾಲೆಗೆ ಕ್ಯಾಥೊಲಿಕ್ ಚರ್ಚಿನ ಟ್ರೆಂಟ್ ಧರ್ಮಸಭೆ 1563ರಲ್ಲಿ ಈ ಹೆಸರನ್ನೇ ಬಳಸಿತು. ಜರ್ಮನ್ ವಿಶ್ವವಿದ್ಯಾಲಯಗಳ ಮೂಲಕ ‘ಸೆಮಿನಾರ್’ ಬಂತು. ಶಿವಮೊಗ್ಗದ ಕಾಲೇಜುಗಳ ಗೋಡೆಯ ಮೇಲೆ ಆ ಪದವನ್ನು ಕಂಡಾಗಲೆಲ್ಲ ನನಗೆ ನಮ್ಮ ಮಡಿಯೇ ಕಣ್ಣಿಗೆ ಬರುತ್ತದೆ. ಬೀಜಕ್ಕೆಂದು ಆರಿಸಿದ ಹಣ್ಣಡಿಕೆಯನ್ನು ತೊಟ್ಟು ಮೇಲಾಗಿ ಮರಳಿನಲ್ಲಿ ಊರುತ್ತೇವೆ. ತಿಂಗಳು ಕಳೆದರೂ ಮೇಲೆ ಏನೂ ಕಾಣುವುದಿಲ್ಲ. ಕೊನೆಗೊಂದು ದಿನ ತೊಟ್ಟಿನ ಬಳಿ ಸಿಪ್ಪೆ ಸೀಳಿ ಈಟಿಯಂಥ ಮೊಳಕೆ ತಲೆ ಎತ್ತುತ್ತದೆ. ಎರಡು ಮೂರು ಎಲೆ ಬಿಚ್ಚಿದ ಮೇಲೆ ಕಿತ್ತು ಬೇರೆ ಕಡೆ ಇಡುತ್ತೇವೆ. ಸಸಿಮಡಿ ಇರುವುದೇ ತನ್ನಿಂದಾಚೆ ಸಾಗಿಸಲಿಕ್ಕೆ.

ಹೋಲಿಕೆಯನ್ನು ಮಾತ್ರ ನಂಬಬೇಡಿ. ‘ಸೆಮಿಫೈನಲ್’, ‘ಸೆಮಿಕೋಲನ್’ಗಳ ‘ಸೆಮಿ’ ಎಂದರೆ ಅರ್ಧ; ಬೀಜಕ್ಕೂ ಅದಕ್ಕೂ ಸಂಬಂಧವಿಲ್ಲ. ಕನ್ನಡದಲ್ಲೇ ಇನ್ನೂ ಸೊಗಸಾದ ಬಲೆ ಇದೆ. ಇಂಗ್ಲಿಷಿನ ‘ಬ್ರಾಡ್‌ಕಾಸ್ಟ್’ ರೇಡಿಯೋಗಿಂತ ಮೊದಲು ರೈತನ ಪದ, ಬೀಜವನ್ನು ಕೈಬೀಸಿ ಎರಚುವುದು. ಭದ್ರಾವತಿ ಆಕಾಶವಾಣಿ ಕಾರ್ಯಕ್ರಮವನ್ನು ‘ಬಿತ್ತರಿಸುತ್ತದೆ’ ಎನ್ನುವಾಗ ಅದೂ ‘ಬಿತ್ತು’ವಿನಿಂದ ಬಂದದ್ದೆಂದು ನಾನು ಗಟ್ಟಿಯಾಗಿ ನಂಬಿದ್ದೆ. ಅಲ್ಲ. ‘ಬಿತ್ತರ’ ಸಂಸ್ಕೃತದ ‘ವಿಸ್ತರ’ದ ತದ್ಭವ; ‘ಬಿತ್ತು’ ಅಚ್ಚ ದ್ರಾವಿಡ ಪದ, ತಮಿಳಿನಲ್ಲಿ ‘ವಿತ್ತು’. ಎರಡು ಪದಗಳು ಎಷ್ಟೇ ಚೆನ್ನಾಗಿ ಹೊಂದಿಕೊಂಡರೂ ವ್ಯುತ್ಪತ್ತಿ ಕೊಡುವ ನಿಘಂಟನ್ನು ತೆರೆದು ನೋಡಲೇಬೇಕು.

ಕೊನೆಗೆ ಪದವನ್ನು ಕನ್ನಡದ ವಾಕ್ಯದಲ್ಲಿ ನೆಟ್ಟು ನೋಡಿ. ಇಲ್ಲಿ ನಾನು ಕೇಳಿಕೊಳ್ಳುವುದು ಒಂದೇ ಪ್ರಶ್ನೆ: ಇದರಿಂದ ಮುಂದೆ ಏನಾದರೂ ಮೊಳೆಯಿತೇ? ಬಟಾಣಿ ಗಿಡಗಳ ಬಗ್ಗೆ ಮೆಂಡೆಲ್ ಬರೆದ ಪ್ರಬಂಧ ಅಚ್ಚಾದದ್ದು 1866ರಲ್ಲಿ. ಅದರ ಬೆಲೆ ವಿಜ್ಞಾನಿಗಳಿಗೆ ತಿಳಿದದ್ದು 1900ರಲ್ಲಿ. ಮೂವತ್ತನಾಲ್ಕು ವರ್ಷ ಮಣ್ಣಿನಡಿಯೇ ಇದ್ದ ಬೀಜ ಅದು. ಅದನ್ನು ‘ಮಹತ್ವದ ಪ್ರಬಂಧ’ ಎಂದರೆ ಈ ಕಥೆಯೆಲ್ಲ ಕಳೆದುಹೋಗುತ್ತದೆ. ‘ಬೀಜಪ್ರಾಯ’ ಎನ್ನಬಹುದು, ಓದುಗರಿಗೆ ಅದು ಭಾರವೆನಿಸೀತು. ‘ನಾಂದಿ ಹಾಡಿದ’ ಎನ್ನುವುದು ಪತ್ರಿಕೆಗಳಲ್ಲಿ ಸವೆದಿದೆ. ನಾನೀಗ ವಿಶೇಷಣವನ್ನೇ ಬಿಟ್ಟು ಕ್ರಿಯಾಪದ ಹಿಡಿಯುತ್ತೇನೆ: ‘ತಳಿವಿಜ್ಞಾನ ಮೊಳೆತದ್ದು ಈ ಪ್ರಬಂಧದಿಂದ.’